ಬ್ರಿಟನ್‌ನಲ್ಲಿ ಅಂಗಡಿ, ಹೋಟೆಲ್ ಇಟ್ಟವರೇ, ಫೋನಿನಲ್ಲಿ ಕರೆಂಟ್ ಕಂಪನಿ ಬದಲಿಸಬೇಡಿ

ಲಂಡನ್ನಿನ ಈಸ್ಟ್ ಹ್ಯಾಮ್ ಕಡೆ ನಮ್ಮ ಅಕ್ಕ-ಭಾವ ಒಂದು ಚಿಕ್ಕ ತಿಂಡಿ ಹೋಟೆಲ್ ನಡೆಸುತ್ತಾರೆ. ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. 2023ರಲ್ಲಿ ಅಂಗಡಿಯನ್ನು ಲೀಸಿಗೆ ಹಿಡಿದಾಗ ಒಬ್ಬ ಕರೆಂಟ್ ಬ್ರೋಕರ್ ಅವರ ತಲೆಗೆ ನಾಲ್ಕು ವರ್ಷದ ದುಬಾರಿ ಒಪ್ಪಂದ ಕಟ್ಟಿದ. ಅದರ ದುಡ್ಡನ್ನು ಇವತ್ತಿಗೂ ತಿಂಗಳು ತಿಂಗಳೂ ಕಟ್ಟುತ್ತಿದ್ದಾರೆ. ಇಲ್ಲಿಗೆ ಬಂದು ಅಂಗಡಿ, ಸಲೂನು, ಕೆಫೆ ಅಂತ ಶುರು ಮಾಡುವ ನಮ್ಮವರು ಜಾಸ್ತಿ ಆಗುತ್ತಿದ್ದಾರೆ. ಅವರಿಗೆ ಹೀಗಾಗಬಾರದು ಅಂತ ನಡೆದದ್ದನ್ನು ಬರೆಯುತ್ತಿದ್ದೇನೆ.

ಊರಲ್ಲಾದರೆ ಯಾರ ಹತ್ತಿರ ಕರೆಂಟ್ ತಗೊಳ್ಳೋಣ ಅಂತ ಯೋಚಿಸುವ ಪ್ರಶ್ನೆಯೇ ಬರುವುದಿಲ್ಲ. ಬೆಂಗಳೂರಿಗೆ ಬೆಸ್ಕಾಂ, ಹುಬ್ಬಳ್ಳಿಗೆ ಹೆಸ್ಕಾಂ, ಮಂಗಳೂರಿಗೆ ಮೆಸ್ಕಾಂ. ದರ ಗೊತ್ತು ಮಾಡುವುದು ಕೆಇಆರ್‌ಸಿ. ಇಲ್ಲಿ ಹಾಗಲ್ಲ. ತಂತಿ, ಟ್ರಾನ್ಸ್‌ಫಾರ್ಮರ್ ಒಂದು ಕಂಪನಿಯದು. ಕರೆಂಟ್ ಮಾರುವವರು ಬೇರೆ, ಅವರೂ ಹತ್ತಾರು ಜನ. ಮನೆಗಳಿಗೆ 2019ರಿಂದ ಆಫ್‌ಜೆಮ್ ಅನ್ನುವ ನಿಯಂತ್ರಣ ಸಂಸ್ಥೆ ಹಾಕಿದ ಬೆಲೆ ಮಿತಿ ಇದೆ. ಅಂಗಡಿಗಳಿಗೆ ಆ ಮಿತಿ ಇಲ್ಲ. ಅಕ್ಕಪಕ್ಕದ ಎರಡು ಅಂಗಡಿಯವರು ಒಂದೇ ತಂತಿಯ ಕರೆಂಟಿಗೆ ಬೇರೆ ಬೇರೆ ದರ ಕಟ್ಟುತ್ತಿರಬಹುದು. ಈ ಬ್ರೋಕರ್‌ಗಳ ಹೊಟ್ಟೆ ತುಂಬುವುದು ಇದರಿಂದಲೇ.

ಬೀಗದ ಕೈ ಸಿಕ್ಕ ಹೊಸತರಲ್ಲೇ ಭಾವನಿಗೆ ಫೋನ್ ಬಂತು. "ನೆಟ್‌ವರ್ಕ್ ಕಡೆಯಿಂದ ಮಾತಾಡ್ತಿದ್ದೇವೆ, ನಿಮ್ಮ ಮೀಟರ್ ಹೊಸ ಹೆಸರಿಗೆ ರಿಜಿಸ್ಟರ್ ಆಗಬೇಕು" ಅಂದರು. ಅದು ಸುಳ್ಳು. ತಂತಿ ನೋಡಿಕೊಳ್ಳುವ ನೆಟ್‌ವರ್ಕ್ ಕಂಪನಿ ಯಾರಿಗೂ ಕರೆಂಟ್ ಮಾರುವುದಿಲ್ಲ. ಕರೆಂಟ್ ಹೋದರೆ 105ಕ್ಕೆ ಫೋನ್ ಮಾಡಿದಾಗ ಸಿಗುತ್ತಾರಲ್ಲ, ಅವರು. ದರದ ಮಾತು ಅವರು ಎತ್ತುವುದೇ ಇಲ್ಲ.

ಫೋನ್ ಮಾಡಿದ್ದು ಆ ಬ್ರೋಕರ್. ಆಮೇಲೆ ಆತ ಒಂದು ನಿಜ ಹೇಳಿದ. ಹೊಸದಾಗಿ ಅಂಗಡಿಗೆ ಬಂದವರು ಒಪ್ಪಂದ ಮಾಡಿಕೊಳ್ಳುವ ತನಕ ಹಳೆಯ ಕಂಪನಿಯೇ ಕರೆಂಟ್ ಕೊಡುತ್ತದೆ. ಆ ದರಕ್ಕೆ ಡೀಮ್ಡ್ ರೇಟ್ ಅನ್ನುತ್ತಾರೆ. ಅದು ದುಬಾರಿ, ಅನುಮಾನವಿಲ್ಲ. "ದಿನಾ ದುಡ್ಡು ಸೋರಿ ಹೋಗ್ತಿದೆ, ಈ ಬೆಲೆ ಇವತ್ತು ಸಂಜೆವರೆಗೆ ಮಾತ್ರ" ಅಂತ ಹೆದರಿಸಿದ. ಅವನು ಹೇಳದೆ ಬಿಟ್ಟದ್ದು ಏನೆಂದರೆ, ಡೀಮ್ಡ್ ದರದಿಂದ ಯಾವಾಗ ಬೇಕಾದರೂ ಹೊರಗೆ ಬರಬಹುದು. ದಂಡ ಇಲ್ಲ, ನೋಟಿಸ್ ಕೊಡಬೇಕಾಗಿಲ್ಲ. ನಮ್ಮ ಹೋಟೆಲಿಗೆ ವರ್ಷಕ್ಕೆ ಸುಮಾರು 25,000 ಯೂನಿಟ್ ಬೇಕು. ಫ್ರೀಜರ್, ಗ್ರೈಂಡರ್, ಹೊಗೆ ಎಳೆಯುವ ಫ್ಯಾನು, ಎಲ್ಲ ಸೇರಿ. ಅಂದರೆ ವಾರಕ್ಕೆ 480. ಡೀಮ್ಡ್ ದರ ಯೂನಿಟ್ಟಿಗೆ 15 ಪೆನ್ಸ್ ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ಒಂದು ವಾರ ಕೂತು ಯೋಚಿಸಿದರೆ ಹೋಗುವುದು 72 ಪೌಂಡ್. ಅಷ್ಟೇ.

ಆ ಫೋನಿನ ರೆಕಾರ್ಡಿಂಗ್ ಆಮೇಲೆ ನಮ್ಮ ಕೈಗೆ ಬಂತು. ಹಿಂದೆ ಡ್ರಿಲ್ಲಿನ ಸದ್ದು ಕೇಳಿಸುತ್ತದೆ, ಅಡುಗೆಮನೆ ಕೆಲಸ ನಡೀತಿತ್ತು. ಮೊದಲೆಲ್ಲ ಆತ ನಿಧಾನ, ತುಂಬ ಸ್ನೇಹದ ದನಿ. ಆಮೇಲೆ, "ಈಗ ಕೆಲವು ಸಾಲು ಓದ್ತೀನಿ, ಒಂದೊಂದಕ್ಕೂ ಯೆಸ್ ಅನ್ನಿ ಸಾಕು. ಮಧ್ಯೆ ಪ್ರಶ್ನೆ ಕೇಳಿದ್ರೆ ಮತ್ತೆ ಮೊದಲಿಂದ ಓದಬೇಕಾಗುತ್ತೆ" ಅನ್ನುತ್ತಾನೆ. ಅಲ್ಲಿಂದ ಉಸಿರು ಬಿಡದೆ ಓದುತ್ತಾನೆ. 48 ತಿಂಗಳು ಅನ್ನುವ ಮಾತು ಆ ಓಟದ ನಡುವೆ ಬಂದು ಹೋಗುತ್ತದೆ. ಭಾವ ತಡೆದು, "ನಲವತ್ತೆಂಟು ತಿಂಗಳು ಅಂದರೆ?" ಅಂತ ಕೇಳುತ್ತಾರೆ. "ಅದು ನಿಮ್ಮ ಬೆಲೆ ರಕ್ಷಣೆ ಸರ್" ಅನ್ನುತ್ತಾನೆ. ಭಾವ "ಯೆಸ್" ಅನ್ನುತ್ತಾರೆ. ಎಲ್ಲ ಕಂಪನಿಗಳ ದರ ಹೋಲಿಸಿದ್ದೇವೆ ಅಂತ ಹೇಳಿದ್ದಾನೆ. ಆದರೆ ಇಡೀ ರೆಕಾರ್ಡಿಂಗಿನಲ್ಲಿ ಬರುವುದು ಒಂದೇ ಕಂಪನಿಯ ಹೆಸರು.

ಅವತ್ತು ಸಂಜೆ ಭಾವ ನನಗೆ ಫೋನ್ ಮಾಡಿ, "ಕರೆಂಟ್ ಕೆಲಸ ಮುಗೀತು ಕಣೋ, ರಿಜಿಸ್ಟರ್ ಮಾಡ್ಕೊಂಡ್ರು" ಅಂದರು. ಆಮೇಲೆ ಬಂದ ಇಮೇಲ್ ತೆಗೆದು ನೋಡಿ ನಾನೇ ಫೋನ್ ಮಾಡಿದೆ.

"ಭಾವ, ಇದು ರಿಜಿಸ್ಟ್ರೇಷನ್ ಅಲ್ಲ. ನಾಲ್ಕು ವರ್ಷದ ಒಪ್ಪಂದ."

"ನಾನೆಲ್ಲಿ ಸೈನ್ ಹಾಕಿದೀನೋ?"

ಸೈನ್ ಬೇಕಾಗಿಯೇ ಇಲ್ಲ. ದಯವಿಟ್ಟು ಇದೊಂದನ್ನು ಮಾತ್ರ ಮರೆಯಬೇಡಿ. ವ್ಯಾಪಾರದ ಕರೆಂಟಿಗೆ ಫೋನಿನಲ್ಲಿ ಅಂದ ಯೆಸ್ ಕೂಡ ಒಪ್ಪಂದವೇ. ಮನೆಯ ಕರೆಂಟಾದರೆ ಕಂಪನಿ ಬದಲಿಸಿದ ಮೇಲೂ 14 ದಿನದೊಳಗೆ ಬೇಡ ಅನ್ನಬಹುದು. ವ್ಯಾಪಾರಕ್ಕೆ ಆ ಹಕ್ಕು ಇಲ್ಲ. ಮಾರನೇ ದಿನವೇ ಎದ್ದು ಬೇಡ ಅಂದರೂ ಕಂಪನಿ ಒಪ್ಪಬೇಕಾಗಿಲ್ಲ. ನಮ್ಮದನ್ನೂ ಒಪ್ಪಲಿಲ್ಲ. ಬೇರೆ ಕಂಪನಿಗೆ ಹೋಗಲು ನೋಡಿದರೆ ಹಳೆಯ ಕಂಪನಿ ಆಕ್ಷೇಪ ಹಾಕಿ ತಡೆಯುತ್ತದೆ. ಬಿಡಿಸಿಕೊಳ್ಳಲು ಕೇಳಿದ ದಂಡ ನೋಡಿ ಅಕ್ಕ ಆ ವಿಷಯವೇ ಬೇಡ ಅಂದಳು.

ಇನ್ನು ಕಮಿಷನ್. "ನಮ್ಮ ಸೇವೆ ಉಚಿತ" ಅಂದಿದ್ದ. ಉಚಿತವೆಲ್ಲಿ ಬಂತು? ಬ್ರೋಕರ್ ತನ್ನ ಪಾಲನ್ನು ಯೂನಿಟ್ ದರದೊಳಗೇ ಸೇರಿಸಿರುತ್ತಾನೆ. ಕರೆಂಟ್ ಕಂಪನಿ ಅದನ್ನು ನಮ್ಮಿಂದ ವಸೂಲು ಮಾಡಿ ಅವನಿಗೆ ಕೊಡುತ್ತದೆ. ನಮ್ಮ ವಿಷಯದಲ್ಲಿ ಯೂನಿಟ್ಟಿಗೆ 5 ಪೆನ್ಸ್. ಕೇಳುವುದಕ್ಕೆ ಏನೂ ಅಲ್ಲ. 25,000 ಯೂನಿಟ್ಟಿಗೆ ವರ್ಷಕ್ಕೆ 1,250 ಪೌಂಡ್ ಆಯಿತು. ನಾಲ್ಕು ವರ್ಷಕ್ಕೆ 5,000 ಪೌಂಡ್! ಒಂದೇ ಒಂದು ಫೋನ್ ಕರೆಗೆ. ಇದು ನಮಗೆ ಗೊತ್ತಾದದ್ದು ಇಮೇಲಿನ ಜೊತೆ ಬಂದ ಷರತ್ತುಗಳ ಹಾಳೆಯ ಒಂದು ಸಾಲಿನಿಂದ. ತೀರಾ ಸಣ್ಣ ವ್ಯಾಪಾರಗಳ ಒಪ್ಪಂದದಲ್ಲಿ ಕಮಿಷನ್ ಎಷ್ಟು ಅಂತ ತೋರಿಸಲೇಬೇಕು ಅಂತ ಆಫ್‌ಜೆಮ್ 2022ರ ಅಕ್ಟೋಬರಿನಿಂದ ನಿಯಮ ಮಾಡಿದೆ. 2024ರ ಅಕ್ಟೋಬರಿನಿಂದ ದೊಡ್ಡ ವ್ಯಾಪಾರಗಳಿಗೂ ಅದನ್ನು ವಿಸ್ತರಿಸಿದೆ. ನಿಯಮ ಒಳ್ಳೆಯದೇ. ಆದರೆ ಬಾಯಲ್ಲಿ ಯೆಸ್ ಅಂದು ಮುಗಿದ ಮೇಲೆ ಆ ಹಾಳೆ ಓದಿ ಏನು ಪ್ರಯೋಜನ? ಅದಕ್ಕೇ ಬ್ರೋಕರ್ ಫೋನ್ ಮಾಡಿದರೆ ಮೊದಲು ಕೇಳಬೇಕಾದ್ದು ದರ ಅಲ್ಲ. "ಒಪ್ಪಂದದ ಪೂರ್ತಿ ಅವಧಿಗೆ ನಿಮ್ಮ ಕಮಿಷನ್ ಒಟ್ಟು ಎಷ್ಟು ಪೌಂಡ್? ಬರೆದು ಕಳಿಸಿ" ಅನ್ನಿ. ಪೆನ್ಸ್ ಲೆಕ್ಕ ಹೇಳಲು ಬಿಡಬೇಡಿ.

ದರ ಹೋಲಿಸುವಾಗಲೂ ಯೂನಿಟ್ ದರ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ದಿನಕ್ಕಿಷ್ಟು ಅಂತ ಸ್ಟ್ಯಾಂಡಿಂಗ್ ಚಾರ್ಜ್ ಇರುತ್ತದೆ, ಅಂಗಡಿ ಮುಚ್ಚಿದ ದಿನವೂ ಕಟ್ಟಬೇಕು. ಯೂನಿಟ್ಟಿಗೆ 2 ಪೆನ್ಸ್ ಕಡಿಮೆ ಅಂತ ಒಂದು ಕಂಪನಿಗೆ ಹೋದರೆ ನಮ್ಮಂಥ ಹೋಟೆಲಿಗೆ ವರ್ಷಕ್ಕೆ 500 ಪೌಂಡ್ ಉಳಿಯಬೇಕು. ಅವರ ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ ಒಂದೂವರೆ ಪೌಂಡ್ ಜಾಸ್ತಿ ಇದ್ದರೆ 547 ಪೌಂಡ್ ಅಲ್ಲೇ ಹೋಯಿತು. ಇನ್ನು "ಫಿಕ್ಸೆಡ್" ಅಂದರೂ ಎಲ್ಲವೂ ಫಿಕ್ಸ್ ಆಗಿರುವುದಿಲ್ಲ. ಕೆಲವು ಒಪ್ಪಂದಗಳಲ್ಲಿ ಕರೆಂಟಿನ ಬೆಲೆ ಮಾತ್ರ ನಿಗದಿ, ನೆಟ್‌ವರ್ಕಿನ ಖರ್ಚು ಏರಿದರೆ ಅದನ್ನು ನಮ್ಮ ಬಿಲ್ಲಿಗೇ ಹಾಕುತ್ತಾರೆ. ಅದನ್ನು ಬಿಡಿಸಿ ಕೇಳಿ. ಫೋನಿನಲ್ಲಿ ಹೇಳುವ ದರದಲ್ಲಿ 20% ವ್ಯಾಟ್ ಸಾಮಾನ್ಯವಾಗಿ ಸೇರಿರುವುದಿಲ್ಲ, ಹವಾಮಾನ ಬದಲಾವಣೆ ತೆರಿಗೆಯೂ ಅಷ್ಟೇ. ಒಂದು ಒಳ್ಳೆಯ ಸುದ್ದಿ ಏನೆಂದರೆ ತಿಂಗಳಿಗೆ 1,000 ಯೂನಿಟ್‌ಗಿಂತ ಕಡಿಮೆ ಬಳಸುವ ಪುಟ್ಟ ಅಂಗಡಿಗೆ ವ್ಯಾಟ್ 5% ಮಾತ್ರ, ಆ ತೆರಿಗೆಯೂ ಇಲ್ಲ. ಟೈಲರ್ ಅಂಗಡಿ, ಚಿಕ್ಕ ಸಲೂನು ಇಟ್ಟವರು ಬಿಲ್ ತೆಗೆದು ಒಮ್ಮೆ ನೋಡಿ.

"ಲೆಟರ್ ಆಫ್ ಅಥಾರಿಟಿಗೆ ಸುಮ್ನೆ ಒಂದು ಸೈನ್ ಹಾಕಿ" ಅಂತಲೂ ಕೇಳುತ್ತಾರೆ. ಪೂರ್ತಿ ಓದಿ. ಕೆಲವು ಪತ್ರ ನಿಮ್ಮ ಬಳಕೆಯ ವಿವರ ತರಿಸಿಕೊಳ್ಳಲು ಮಾತ್ರ ಅನುಮತಿ ಕೊಡುತ್ತವೆ. ಕೆಲವು ನಿಮ್ಮ ಪರವಾಗಿ ಒಪ್ಪಂದಕ್ಕೇ ಸಹಿ ಹಾಕುವ ಅಧಿಕಾರ ಕೊಟ್ಟುಬಿಡುತ್ತವೆ. ಎರಡನೆಯದಕ್ಕೆ ಯಾವ ಕಾರಣಕ್ಕೂ ಸೈನ್ ಹಾಕಬೇಡಿ.

ಹೊಸ ಅಂಗಡಿಯ ಬೀಗ ತೆಗೆದ ದಿನವೇ ಮೀಟರಿನ ಫೋಟೋ ತೆಗೆದು ರೀಡಿಂಗ್ ಬರೆದಿಟ್ಟುಕೊಳ್ಳಿ. ಈಗ ಕರೆಂಟ್ ಕೊಡುತ್ತಿರುವ ಕಂಪನಿ ಯಾವುದು ಅಂತ ನೀವೇ ಪತ್ತೆ ಮಾಡಿ, ತಾರೀಕು, ರೀಡಿಂಗ್ ಎರಡನ್ನೂ ಇಮೇಲ್ ಮಾಡಿ. ಆಮೇಲೆ ಎರಡು ಮೂರು ಕಂಪನಿಗೆ ನೀವೇ ನೇರ ಫೋನ್ ಮಾಡಿ ದರ ಕೇಳಿ. ಬ್ರೋಕರ್ ಇಲ್ಲದೆಯೂ ಒಪ್ಪಂದ ಆಗುತ್ತದೆ. ಎಲ್ಲ ಬ್ರೋಕರ್‌ಗಳೂ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಬೀಗ ತೆಗೆದ ಕೂಡಲೇ ತಾವಾಗಿ ಫೋನ್ ಮಾಡಿ ಅವಸರ ಮಾಡುವವರನ್ನು ಮಾತ್ರ ನಂಬಬೇಡಿ ಅಂತಿದ್ದೇನೆ.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಕೈಕಟ್ಟಿ ಕೂರಬೇಡಿ. ಮೊದಲು ರೆಕಾರ್ಡಿಂಗ್ ಕೇಳಿ, ಬರೀ ಕೊನೆಯ ಯೆಸ್ ಭಾಗವಲ್ಲ, ಪೂರ್ತಿ ಕರೆ. ನಿಮ್ಮ ವೈಯಕ್ತಿಕ ಮಾಹಿತಿ ಅಂತ ಕೇಳಿದರೆ ಡೇಟಾ ರಕ್ಷಣೆ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ನಮಗೆ ಆಧಾರವಾದದ್ದು ಮೊದಲ ಭಾಗ. "ನೆಟ್‌ವರ್ಕ್ ಕಡೆಯಿಂದ" ಅಂದದ್ದು ಅದರಲ್ಲಿ ಸ್ಪಷ್ಟವಾಗಿತ್ತು. ಬ್ರೋಕರ್‌ಗೂ ಕರೆಂಟ್ ಕಂಪನಿಗೂ ಬೇರೆ ಬೇರೆಯಾಗಿ ದೂರು ಬರೆಯಿರಿ. ಎಂಟು ವಾರವಾದರೂ ಬಗೆಹರಿಯದಿದ್ದರೆ ಎನರ್ಜಿ ಓಂಬುಡ್ಸ್‌ಮನ್‌ಗೆ ಹೋಗಬಹುದು, ದುಡ್ಡು ಕೊಡಬೇಕಾಗಿಲ್ಲ. ತೀರಾ ಸಣ್ಣ ವ್ಯಾಪಾರಗಳ ಜೊತೆ ವ್ಯವಹರಿಸುವ ಬ್ರೋಕರ್‌ಗಳು 2022ರ ಡಿಸೆಂಬರಿನಿಂದ ಇಂಥ ಒಂದು ವ್ಯಾಜ್ಯ ಪರಿಹಾರ ವ್ಯವಸ್ಥೆಯಲ್ಲಿ ಸದಸ್ಯರಾಗಿರಲೇಬೇಕು. 2024ರ ಡಿಸೆಂಬರಿನಿಂದ 50ಕ್ಕಿಂತ ಕಡಿಮೆ ಕೆಲಸಗಾರರಿರುವ ವ್ಯಾಪಾರಗಳಿಗೂ ಓಂಬುಡ್ಸ್‌ಮನ್ ಬಾಗಿಲು ತೆರೆದಿದೆ. ನಮಗೆ ಕಮಿಷನ್ನಿನಲ್ಲಿ ಒಂದು ಪಾಲು ವಾಪಸ್ ಬಂತು. ಒಪ್ಪಂದ ಮಾತ್ರ ರದ್ದಾಗಲಿಲ್ಲ.