ನೂರು ಇಂಚಿನ ಪರದೆಯಲ್ಲಿ ನೂರು ಇಂಚು ಸಿಗುವುದು ಯಾವಾಗ?

ಶಿವಮೊಗ್ಗದ ಅಂಗಡಿಯೊಂದರಿಂದ ಪ್ರೊಜೆಕ್ಟರ್ ಮತ್ತು ನೂರು ಇಂಚಿನ ಪರದೆ ತಂದು ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಹಾಕಿಸಿ ಒಂದು ಮಳೆಗಾಲ ಕಳೆದಿದೆ. ಬೆಳಕು, ಬಣ್ಣಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ನೂರು ಇಂಚು ಎಂಬುದು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. ಪರದೆಯ ಆಕಾರ, ಎಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ, 16:9; ಅಂದರೆ ಅಗಲ 87 ಇಂಚು, ಎತ್ತರ 49 ಇಂಚು. ಇದೇ ಆಕಾರದ ಚಿತ್ರ ಹಾಕಿದಾಗ ಮಾತ್ರ ಕೊಟ್ಟ ದುಡ್ಡಿನ ಪರದೆ ಪೂರ್ತಿ ತುಂಬುತ್ತದೆ.

ಟಿವಿಯ ಮುಂದೆ ಕೂತ ಜನರನ್ನು ಚಿತ್ರಮಂದಿರಕ್ಕೆ ಮರಳಿ ಕರೆತರಲು 1953ರಲ್ಲಿ ಹಾಲಿವುಡ್ ತಂದ ಸಿನಿಮಾಸ್ಕೋಪ್ ಎಂಬ ಅತಿ ಅಗಲದ ಚಿತ್ರವಿಧಾನ ನಮ್ಮ ದೇಶದ ಚಿತ್ರಗಳಿಗೆ ಬಂದದ್ದು 1959ರಲ್ಲಿ. ಪರದೆಯ ಅಕ್ಕಪಕ್ಕದ ಕಪ್ಪು ಬಟ್ಟೆ ಸರಿದು ಚಿತ್ರ ಅಗಲವಾಗುವ ಆ ಗಳಿಗೆಯನ್ನು ಟಾಕೀಸಿನಲ್ಲಿ ಕಂಡವರು ಮರೆಯಲಾರರು. ಮನೆಯಲ್ಲಿ ಆಗುವುದು ಇದರ ತಿರುವುಮುರುವು. ಎತ್ತರದ 2.39 ಪಟ್ಟು ಅಗಲವಿರುವ, ಸ್ಕೋಪ್ ಎಂದು ಕರೆಯುವ 2.39:1ರ ಚಿತ್ರ ಇಲ್ಲಿ 36 ಇಂಚು ಎತ್ತರಕ್ಕೆ ಕುಗ್ಗಿ, ಮೇಲೂ ಕೆಳಗೂ ಆರಾರು ಇಂಚು ಖಾಲಿ ಉಳಿಯುತ್ತದೆ. ಹಿನ್ನೀರು, ಬೆಟ್ಟಸಾಲುಗಳ ದೃಶ್ಯಕ್ಕೆ ಅದು ಒಪ್ಪುತ್ತದಾದರೂ ಸಮೀಪದ ಮುಖಗಳು ದೂರ ಸರಿದಂತಾಗುತ್ತವೆ.

ಹಳೆಯ 4:3 ಚಿತ್ರದಲ್ಲಿ ಎಡಬಲಕ್ಕೆ ಹನ್ನೊಂದು ಹನ್ನೊಂದು ಇಂಚು ಖಾಲಿ. ಲೆಕ್ಕ ಹಾಕಿದರೆ ಎರಡರಲ್ಲೂ ಪರದೆಯ ಕಾಲು ಭಾಗವೇ ನಷ್ಟ. ಕಣ್ಣು ಮಾತ್ರ ಆ ಲೆಕ್ಕವನ್ನು ಒಪ್ಪುವುದಿಲ್ಲ. ಬಾಗಿಲ ಚೌಕಟ್ಟಿನಲ್ಲಿ ತಲೆಯಿಂದ ಪಾದದವರೆಗೆ ನಿಂತ ಹೆಂಗಸು, ಅಡಿಕೆ ಮರದ ತುದಿಯಲ್ಲಿ ಜೋತ ಕೊನೆಗಾರ, ಅಂಗಳದ ಕಂಬಗಳು ಇವೆಲ್ಲ ಎತ್ತರ ಬೇಡುವ ಸಂಗತಿಗಳು, ಅವಕ್ಕೆ ಪೂರಾ 49 ಇಂಚು ಸಿಗುವುದರಿಂದ ಪಕ್ಕದ ಖಾಲಿ ಜಾಗ ಎರಡೇ ನಿಮಿಷದಲ್ಲಿ ಮರೆತುಹೋಗುತ್ತದೆ. ಮಲೆನಾಡಿನ ಮನೆಯೊಳಗಿನ ಕತೆಗೆ ಈ ಆಕಾರವೇ ಸರಿ ಎಂದು ನನಗೆ ಈಗ ಅನ್ನಿಸಿದೆ.

ಅಂಗಡಿಯಿಂದ ಬಂದ ಹುಡುಗ ಈ ಖಾಲಿ ಜಾಗವನ್ನೇ ದೋಷವೆಂದು ತಿಳಿದು, ಯಾವ ಚಿತ್ರವಾದರೂ ಪರದೆ ತುಂಬುವಂತೆ ಹಿಗ್ಗಿಸಿಟ್ಟು ಹೋಗಿದ್ದ. ಅಂದು ರಾತ್ರಿ ಹಾಕಿದ ಕಪ್ಪು-ಬಿಳುಪು ಚಿತ್ರದಲ್ಲಿ ನಾಯಕಿಯ ಹಣೆಯ ದುಂಡು ಬೊಟ್ಟು ಅಡ್ಡಲಾಗಿ ಮಲಗಿದ ಹುರುಳಿಕಾಳಿನಂತೆ ಕಂಡಿತು. ‘ಇವಳು ಯಾವಾಗ ಇಷ್ಟು ದಪ್ಪ ಆದ್ಳೋ’ ಎಂದು ಅಮ್ಮ ಕೇಳಿದ ಮೇಲೆಯೇ ನಾನು ರಿಮೋಟ್ ಹುಡುಕಿದ್ದು. ಕೊಂಡವರು ಮೊದಲು ಸೆಟ್ಟಿಂಗ್‌ನಲ್ಲಿ ಚಿತ್ರವನ್ನು ಅದರ ಮೂಲ ಆಕಾರಕ್ಕೆ ತಂದುಕೊಳ್ಳಬೇಕು.

ಇನ್ನು ಈ ಪ್ರೊಜೆಕ್ಟರಿನ ನಿಜವಾದ ಕುಂದು ಎಂದರೆ ಖಾಲಿ ಪಟ್ಟಿಗಳು ಕಪ್ಪಾಗಿರದೆ ಬೂದಿ ಬಣ್ಣಕ್ಕೆ ಮಿನುಗುವುದು. ಕಪ್ಪು ಮಖಮಲ್ ಬಟ್ಟೆಯ ಪಟ್ಟಿಗಳನ್ನು ಹೊಲಿಸಿ, ಚಿತ್ರಕ್ಕೆ ತಕ್ಕಂತೆ ಅಂಚಿಗೆ ಸಿಕ್ಕಿಸಿದ ಮೇಲೆ ಸ್ಕೋಪ್ ಚಿತ್ರದ ಗಾತ್ರ ಒಂದಿಂಚೂ ಹೆಚ್ಚಾಗದಿದ್ದರೂ ದೊಡ್ಡದಾದಂತೆ ಕಾಣುತ್ತದೆ. ಆಷಾಢದ ಥಂಡಿಗೆ ಆ ಬಟ್ಟೆ ಬೂಷ್ಟು ಹಿಡಿಯಿತು ಎಂಬುದು ಬೇರೆ ಮಾತು.

ಹೆಚ್ಚಾಗಿ ಸ್ಕೋಪ್ ಚಿತ್ರಗಳನ್ನೇ ನೋಡುವವರು ಇದೇ ಎತ್ತರದ, ಇನ್ನೂ ಅಗಲವಾದ ಪರದೆಯನ್ನೂ ಜೂಮ್ ಲೆನ್ಸ್ ಇರುವ ಪ್ರೊಜೆಕ್ಟರನ್ನೂ ಕೇಳಿ ಪಡೆಯುವುದು ಒಳ್ಳೆಯದು. ಅದಕ್ಕೆ ಹತ್ತಡಿ ಗೋಡೆ ಬೇಕು. ನಮ್ಮ ಮನೆಯಲ್ಲಿ ಎರಡು ಕಿಟಕಿಗಳ ನಡುವೆ ಇರುವುದು ಎಂಟೇ ಅಡಿ.