ಪ್ರೈಮ್95 ರಿವ್ಯೂ: ಟಾರ್ಚರ್ ಟೆಸ್ಟ್ ಬಿಡಿ, ಅಸಲಿ ಕೆಲಸಕ್ಕೆ ಹಚ್ಚಿ ನೋಡಿ

ಓವರ್‌ಕ್ಲಾಕ್ ಮಾಡೋರಿಗೆಲ್ಲ (ಸಿಪಿಯುನ ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸೋರಿಗೆ) ಪ್ರೈಮ್95 ಗೊತ್ತು, ಸಿಪಿಯು ಕಾಯಿಸಿ ನೋಡೋ (ಟಾರ್ಚರ್ ಅಥವಾ ಸ್ಟ್ರೆಸ್ ಟೆಸ್ಟ್) ಟೂಲ್ ಅಂತ. ಆದ್ರೆ ಇದು ಹುಟ್ಟಿದ್ದೇ ದೊಡ್ಡ ಅವಿಭಾಜ್ಯ ಸಂಖ್ಯೆ (ಪ್ರೈಮ್) ಹುಡುಕೋಕೆ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ, ಜನರ ಕಂಪ್ಯೂಟರ್ ಸೇರಿಸಿ ಇಂಥ ಸಂಖ್ಯೆ ಹುಡುಕೋ ಗಿಂಪ್ಸ್ ಪ್ರಾಜೆಕ್ಟ್‌ದು, ಪೂರ್ತಿ ಫ್ರೀ. ಇನ್‌ಸ್ಟಾಲ್ ಆದ್ಮೇಲೆ ಗಿಂಪ್ಸ್‌ಗೆ ಸೇರ್ತೀರಾ, ಬರೀ ಸ್ಟ್ರೆಸ್ ಟೆಸ್ಟಾ ಅಂತ ಕೇಳತ್ತೆ, ಮೊದಲನೇದು ಒತ್ತಿ.

ಇದು ಹುಡುಕೋದು ಮರ್ಸೆನ್ ಪ್ರೈಮ್‌ಗಳನ್ನ, ಅಂದ್ರೆ 2ರ ಘಾತದಲ್ಲಿ 1 ಕಳೆದಾಗ ಬರೋ ಪ್ರೈಮ್‌ಗಳು. 3, 7, 31, 127 ಎಲ್ಲ ಸರಿ ಹೋಗತ್ತೆ, ಆದ್ರೆ ಘಾತ 11 ಹಾಕಿದ್ರೆ ಬರೋ 2047 ಕೈಕೊಡತ್ತೆ (23 ಇಂಟು 89), ಹಾಗಾಗಿ ಘಾತ ಪ್ರೈಮ್ ಆಗಿದ್ರೆ ಸಾಲದು, ಒಂದೊಂದನ್ನೂ ಟೆಸ್ಟ್ ಮಾಡ್ಲೇಬೇಕು. ಹಾಗಿದ್ರೂ ಇವನ್ನೇ ಯಾಕೆ ಹಿಡ್ಕೊಂಡಿದಾರೆ ಅಂದ್ರೆ ಬೈನರಿಯಲ್ಲಿ ಇವು ಬರೀ 1ಗಳ ಸಾಲು, ಟೆಸ್ಟ್‌ನಲ್ಲಿ ಪದೇ ಪದೇ ಇವುಗಳಿಂದ ಭಾಗಿಸಿದ ಶೇಷ ತೆಗೆಯೋಕೆ ಭಾಗಾಕಾರವೇ ಬೇಡ, ಮೇಲಿನ ಭಾಗ ಕತ್ತರಿಸಿ ಕೆಳಗಿನದಕ್ಕೆ ಕೂಡಿಸಿದ್ರೆ ಮುಗೀತು. 2024ರ ಅಕ್ಟೋಬರ್‌ನಲ್ಲಿ ಸಿಕ್ಕಿದ್ದರ ಘಾತ 13,62,79,841, ಬರೆದ್ರೆ 4,10,24,320 ಅಂಕಿ! ಬ್ಯಾಂಕ್ ಪಾಸ್‌ವರ್ಡ್ ಕಾಯೋಕೆ ಇಂಥವು ಬೇಕು ಅಂತ ಎಲ್ಲೋ ಓದಿದ್ರೆ ನಂಬಬೇಡಿ, ಗುಟ್ಟು ಕಾಯೋ ಗೂಢಲಿಪಿ ವಿಧಾನ ಆರ್‌ಎಸ್‌ಎಗೆ ಸಾಮಾನ್ಯವಾಗಿ 300 ಚಿಲ್ಲರೆ ಅಂಕಿಯ ಪ್ರೈಮ್ ಸಾಕು.

ನಂಗೆ ಇಷ್ಟ ಆಗಿದ್ದು ಇದರ ತಪ್ಪು ಹಿಡಿಯೋ ವ್ಯವಸ್ಥೆ. ಒಂದು ನಂಬರ್ ಟೆಸ್ಟ್ ಮಾಡೋಕೆ ಹತ್ತು ಕೋಟಿಗೂ ಮೀರಿ ಸಲ ವರ್ಗ ಮಾಡ್ತಾ ಹೋಗ್ಬೇಕು, ನಡುವೆ ರ‍್ಯಾಮ್‌ನಲ್ಲಿ ಒಂದೇ ಒಂದು ಬಿಟ್ ಎಡವಟ್ಟಾದ್ರೂ ಅಷ್ಟೂ ದಿನದ ಕೆಲಸ ಮಣ್ಣುಪಾಲು. ಗರ್ಬಿಕ್ಜ್ ಚೆಕ್ ಅನ್ನೋ ತಪಾಸಣೆ ಅದನ್ನ ಆಗಿಂದಾಗ್ಲೇ ಹಿಡಿದು ಹಿಂದಿನ ಸರಿಯಾದ ಜಾಗಕ್ಕೆ ವಾಪಸ್ ಹೋಗತ್ತೆ. ಮುಗಿದ್ಮೇಲೆ ಒಂದು ಪ್ರೂಫ್ ಫೈಲ್ ಕೂಡ ಮಾಡತ್ತೆ, ಬೇರೆಯವರು ಪೂರ್ತಿ ಲೆಕ್ಕ ಮತ್ತೆ ಮಾಡದೇನೇ ನಿಮ್ಮದು ಸರೀನಾ ಅಂತ ನೋಡ್ಬಹುದು. ಮೊದಲೆಲ್ಲ ಇನ್ನೊಬ್ರು ಕೂತು ಅದನ್ನೇ ಇನ್ನೊಂದ್ಸಲ ಓಡಿಸ್ಬೇಕಿತ್ತು ಕಣ್ರೀ.

ಇಷ್ಟ ಆಗದೇ ಇರೋದು ಇಂಟರ್‌ಫೇಸ್. ಹೆಸರಲ್ಲಿ 95 ಇದೆ, ನೋಡೋಕೂ ಹಂಗೇ ಇದೆ, ಮೆನು ಒಳಗೆ ಯಾವ ಆಪ್ಷನ್ ಏನ್ ಮಾಡತ್ತೆ ಅಂತ ಜೊತೇಲಿರೋ ಟೆಕ್ಸ್ಟ್ ಫೈಲ್ ಓದಿಯೇ ತಿಳ್ಕೋಬೇಕು. ವಾರಗಟ್ಲೆ ಫ್ಯಾನ್ ಕಿರುಚಿ ಕೊನೆಗೆ ಬರೋ ಉತ್ತರ ಬಹುತೇಕ ಒಂದೇ, "ಪ್ರೈಮ್ ಅಲ್ಲ". ಇನ್ನೊಂದು, 2024ರದ್ದು ಸಿಕ್ಕಿದ್ದು ಕ್ಲೌಡ್ ಜಿಪಿಯುಗಳಿಂದ (ಇಂಟರ್‌ನೆಟ್ ಮೂಲಕ ಬಳಸೋ ಗ್ರಾಫಿಕ್ಸ್ ಚಿಪ್‌ಗಳಿಂದ), ಮಾಮೂಲಿ ಪಿಸಿ ಇಟ್ಕೊಂಡು ರೆಕಾರ್ಡ್ ಹೊಡೀತೀನಿ ಅನ್ನೋ ಆಸೆ ಸ್ವಲ್ಪ ಕಮ್ಮಿ ಇರ್ಲಿ. ತೆಳ್ಳನೆ ಲ್ಯಾಪ್‌ಟಾಪ್‌ನಲ್ಲಂತೂ ಬೇಡವೇ ಬೇಡ.

5ಕ್ಕೆ 4 ಸ್ಟಾರ್, ಒಂದು ಕಟ್ ಆಗಿದ್ದು ಆ ಮೆನುಗಳಿಗೆ.