ಕಮಾಂಡ್‌ಗೆ ಪಾಸ್‌ವರ್ಡ್ ಕೊಡುವ ದಾರಿಗಳು: ಹಾಕಿ ನೋಡಿದ ಮೇಲೆ ಯಾವುದು ಉಳಿಯಿತು

ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯ ಲೆಕ್ಕದ ಮಷೀನ್ ನಾನು ನೋಡಿಕೊಳ್ಳುತ್ತೇನೆ. ಲಿನಕ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್. ರಾಶಿ, ಬೆಟ್ಟೆ, ಗೊರಬಲು ಅಡಿಕೆ ಯಾರದ್ದು ಎಷ್ಟು ಚೀಲ ಬಂತು, ಯಾರಿಗೆ ಎಷ್ಟು ಮುಂಗಡ ಹೋಯ್ತು, ಎಲ್ಲಾ ಅದರಲ್ಲೇ ಇದೆ. ಆ ಮಷೀನ್‌ಗೆ ಲಾಗಿನ್ ಆಗುವವರು ಹಲವರು. ಅಷ್ಟೂ ಜನಕ್ಕೆ ಡೇಟಾಬೇಸ್ ಪಾಸ್‌ವರ್ಡ್ ಕಾಣಬಾರದು, ಆದರೆ ರಾತ್ರಿ ಬ್ಯಾಕಪ್ ತಾನಾಗಿ ಓಡಬೇಕು. ಹಾಗಾಗಿ ಪಾಸ್‌ವರ್ಡ್ ಕೊಡುವ ದಾರಿಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಒಂದು ಟರ್ಮಿನಲ್‌ನಲ್ಲಿ ಬ್ಯಾಕಪ್ ಓಡಿಸುವುದು, ಇನ್ನೊಂದರಲ್ಲಿ ಬೇರೆ ಯೂಸರ್ ಆಗಿ ಕೂತು ಏನೇನು ಕಾಣುತ್ತೆ ಅಂತ ಇಣುಕುವುದು.

ಮೊದಲನೆಯದು ಕಮಾಂಡ್ ಸಾಲಿನಲ್ಲೇ ಬರೆಯುವುದು. ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ಕಮಾಂಡ್ ಆದ ಪಿಜಿ ಡಂಪ್‌ಗೆ ಡೇಟಾಬೇಸ್ ವಿಳಾಸ ಕೊಡುವಾಗ ಅದರೊಳಗೇ ಯೂಸರ್ ಹೆಸರು, ಪಾಸ್‌ವರ್ಡ್ ಎರಡನ್ನೂ ಸೇರಿಸಬಹುದು. ಪಕ್ಕದ ಟರ್ಮಿನಲ್‌ನಲ್ಲಿ ಪಿಎಸ್ (ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಕಮಾಂಡ್) ಕೊಟ್ಟರೆ ಇಡೀ ಸಾಲು, ಪಾಸ್‌ವರ್ಡ್ ಸಮೇತ, ರೂಟ್ (ಮಷೀನ್‌ನ ಪೂರ್ಣ ಅಧಿಕಾರದ ಯೂಸರ್) ಅಲ್ಲದವರಿಗೂ ಕಾಣುತ್ತೆ. ಡಂಪ್ ಮುಗಿಯುವವರೆಗೂ ಹಾಗೇ ಇರುತ್ತೆ. ಲಿನಕ್ಸ್‌ನಲ್ಲಿ ಒಂದು ಪ್ರೋಸೆಸ್‌ನ, ಅಂದರೆ ಓಡುತ್ತಿರುವ ಪ್ರೋಗ್ರಾಂನ, ಕಮಾಂಡ್ ಸಾಲನ್ನು ಮಾಮೂಲಿಯಾಗಿ ಯಾರು ಬೇಕಾದರೂ ಓದಬಹುದು. ಕೈಯಲ್ಲಿ ಟೈಪ್ ಮಾಡಿದ್ದಾದರೆ ಹಿಂದೆ ಕೊಟ್ಟ ಕಮಾಂಡ್‌ಗಳ ಪಟ್ಟಿಯಾದ ಶೆಲ್ ಹಿಸ್ಟರಿಯಲ್ಲೂ ಉಳಿಯುತ್ತೆ. ಉಬುಂಟು ಲಿನಕ್ಸ್‌ನ ಬ್ಯಾಷ್ ಶೆಲ್‌ನಲ್ಲಿ ಸಾಲಿನ ಮುಂದೆ ಒಂದು ಸ್ಪೇಸ್ ಬಿಟ್ಟರೆ ಹಿಸ್ಟರಿಗೆ ಹೋಗುವುದಿಲ್ಲ ನಿಜ, ಆದರೆ ಪಿಎಸ್‌ನಲ್ಲಿ ಕಾಣುವುದು ತಪ್ಪುವುದಿಲ್ಲ. ಹಲವರು ಬಳಸುವ ಮಷೀನ್‌ನಲ್ಲಿ ಈ ದಾರಿ ಬೇಡವೇ ಬೇಡ.

ಎನ್ವಿರಾನ್ಮೆಂಟ್ ವೇರಿಯಬಲ್, ಅಂದರೆ ಪ್ರೋಗ್ರಾಂ ಶುರುವಾಗುವಾಗ ಹೆಸರಿಟ್ಟು ಅದರ ಕೈಗೆ ಕೊಡುವ ಮೌಲ್ಯ, ಇದಕ್ಕಿಂತ ವಾಸಿ. ಪಿಜಿಪಾಸ್‌ವರ್ಡ್ ಅನ್ನುವ ವೇರಿಯಬಲ್‌ನಲ್ಲಿಟ್ಟು ಓಡಿಸಿದಾಗ ಬೇರೆ ಯೂಸರ್‌ಗೆ ಅನುಮತಿ ಇಲ್ಲ ಅಂತಲೇ ಬಂತು. ಲಿನಕ್ಸ್‌ನಲ್ಲಿ ಅದನ್ನು ಓದಬಲ್ಲವರು ಅದೇ ಯೂಸರ್ ಮತ್ತು ರೂಟ್ ಮಾತ್ರ. ನನಗೆ ಹಿಡಿಸದೇ ಇದ್ದದ್ದು ಏನಂದ್ರೆ, ಎಕ್ಸ್‌ಪೋರ್ಟ್ ಮಾಡಿದ ವೇರಿಯಬಲ್ ಆ ಸ್ಕ್ರಿಪ್ಟ್ ಎಬ್ಬಿಸುವ ಪ್ರತಿ ಪ್ರೋಗ್ರಾಂಗೂ, ಫೈಲ್ ಕುಗ್ಗಿಸುವ ಜಿಜಿಪ್‌ಗೂ ಕಾಪಿ ಮಾಡುವ ಆರ್‌ಸಿಂಕ್‌ಗೂ, ಸುಮ್ನೆ ಹರಿದುಹೋಗುತ್ತೆ. ಅವುಗಳಲ್ಲಿ ಯಾವುದೋ ಒಂದು ಎಡವಿ ತನ್ನ ಎನ್ವಿರಾನ್ಮೆಂಟ್ ಅನ್ನೆಲ್ಲ ಲಾಗ್‌ಗೆ ಸುರಿದರೆ ಪಾಸ್‌ವರ್ಡ್ ಅಲ್ಲಿ ಕೂತಿರುತ್ತೆ. ಪೋಸ್ಟ್‌ಗ್ರೆಸ್ ಕೈಪಿಡಿಯೂ ಈ ವೇರಿಯಬಲ್ ಬೇಡ, ಪಾಸ್‌ವರ್ಡ್ ಫೈಲ್ ಬಳಸಿ ಅನ್ನುತ್ತೆ.

ಕೇಳಿದಾಗ ಟೈಪ್ ಮಾಡುವುದು, ಪರದೆ ಮೇಲೆ ಏನೂ ಮೂಡದ ಹಾಗೆ: ಮನುಷ್ಯ ಎದುರಿಗೆ ಕೂತಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಬ್ಯಾಷ್‌ನಲ್ಲಿ ರೀಡ್ ಕಮಾಂಡ್‌ಗೆ ಎಸ್ ಫ್ಲ್ಯಾಗ್, ಪೈಥಾನ್‌ನಲ್ಲಿ ಗೆಟ್‌ಪಾಸ್. ಹೊಸ ಹುಡುಗರು ಮಾತ್ರ "ಕೀಬೋರ್ಡ್ ಹಾಳಾಗಿದೆ ಅಣ್ಣಾ, ಏನೂ ಬೀಳ್ತಿಲ್ಲ" ಅಂತ ಕರೆಯುತ್ತಾರೆ, ಒಂದು ಸಲ ಹೇಳಿಕೊಟ್ಟರೆ ಸಾಕು. ಆದರೆ ನಮ್ಮ ಕಡೆ ಆಷಾಢದಲ್ಲಿ ಮಳೆ ಹಿಡಿದರೆ ಕರೆಂಟ್ ಹೋಗುತ್ತೆ, ಯುಪಿಎಸ್ ಕೂಡ ಕೈಬಿಡುತ್ತೆ, ಮಷೀನ್ ಯಾವುದೋ ಹೊತ್ತಿನಲ್ಲಿ ತಾನೇ ಎದ್ದು ಬ್ಯಾಕಪ್ ಶುರು ಮಾಡಬೇಕು. ಆ ಹೊತ್ತಲ್ಲಿ ಟೈಪ್ ಮಾಡುವುದಕ್ಕೆ ಮಂಡಿಯಲ್ಲಿ ಯಾರಿರುತ್ತಾರೆ? ಹೊತ್ತಿಗೆ ಸರಿಯಾಗಿ ಕೆಲಸ ಎಬ್ಬಿಸುವ ಕ್ರಾನ್‌ಗೆ ಟರ್ಮಿನಲ್ಲೇ ಇಲ್ಲ.

ಹಾಗಾಗಿ ರಾತ್ರಿ ಕೆಲಸಕ್ಕೆ ಉಳಿದದ್ದು ಫೈಲ್. ಹೋಮ್ ಡೈರೆಕ್ಟರಿಯಲ್ಲಿ ಡಾಟ್ ಪಿಜಿಪಾಸ್ ಅಂತ ಒಂದು ಫೈಲ್. ಅದರಲ್ಲಿ ಹೋಸ್ಟ್, ಪೋರ್ಟ್, ಡೇಟಾಬೇಸ್, ಯೂಸರ್, ಪಾಸ್‌ವರ್ಡ್ ಒಂದೇ ಸಾಲಿನಲ್ಲಿ, ನಡುನಡುವೆ ಕೋಲನ್. ಪರ್ಮಿಷನ್ 600 ಇರಬೇಕು, ಅಂದರೆ ಫೈಲಿನ ಒಡೆಯನಿಗೆ ಮಾತ್ರ ಓದಲು, ಬರೆಯಲು. ಬೇಕಂತಲೇ ಎಲ್ಲರೂ ಓದುವ ಹಾಗೆ 644 ಮಾಡಿ ನೋಡಿದೆ: ಪೋಸ್ಟ್‌ಗ್ರೆಸ್ ಎಚ್ಚರಿಕೆ ಕೊಟ್ಟು, ಆ ಫೈಲ್ ಇಲ್ಲವೇ ಇಲ್ಲ ಅನ್ನುವ ಹಾಗೆ ಮುಂದೆ ಹೋಯ್ತು. ಈ ಹಠ ನನಗೆ ತುಂಬಾ ಇಷ್ಟವಾಯ್ತು, ಎಲ್ಲಾ ಟೂಲ್‌ಗಳೂ ಹೀಗೇ ಇರಬೇಕು. ಫೈಲ್ ಮಾಡುವ ಮೊದಲೇ ಯುಮಾಸ್ಕ್ 077 (ಹೊಸ ಫೈಲ್ ಬೇರೆಯವರಿಗೆ ತೆರೆಯದ ಹಾಗೆ ಮಾಡುವ ಕಮಾಂಡ್) ಕೊಡಿ, ಆಗ ಒಂದು ಕ್ಷಣವೂ ಅದು ತೆರೆದಿರುವುದಿಲ್ಲ. ರೂಟ್‌ನಿಂದ ಇದು ಕಾಪಾಡುವುದಿಲ್ಲ, ಹೋಮ್ ಡೈರೆಕ್ಟರಿಯನ್ನು ಬೇರೆಲ್ಲಾದರೂ ಕಾಪಿ ಮಾಡಿದರೆ ಜೊತೆಗೇ ಹೋಗುತ್ತೆ. ಅದಕ್ಕೇ ಆ ಪಾಸ್‌ವರ್ಡ್‌ಗೆ ಕೊಟ್ಟಿರುವ ಅಧಿಕಾರ ಓದುವುದು ಅಷ್ಟೇ. ಪೋಸ್ಟ್‌ಗ್ರೆಸ್ 14ರಿಂದ ಇದಕ್ಕೆಂದೇ ಪಿಜಿ ರೀಡ್ ಆಲ್ ಡೇಟಾ ಅನ್ನುವ ರೋಲ್ ಇದೆ. ಯಾರಾದರೂ ಕದ್ದರೂ ಲೆಕ್ಕ ನೋಡಬಹುದು, ತಿದ್ದಲಾರರು.

ಪೈಪ್‌ನಲ್ಲಿ, ಅಂದರೆ ಒಂದು ಕಮಾಂಡ್‌ನ ಔಟ್‌ಪುಟ್ ಅನ್ನು ನೇರ ಇನ್ನೊಂದಕ್ಕೆ ಹರಿಸಿ, ಕೊಡುವ ದಾರಿಯೂ ಚೆನ್ನಾಗಿದೆ. ಡಾಕರ್ ಅನ್ನುವ ಟೂಲ್‌ನ ಲಾಗಿನ್ ಕಮಾಂಡ್‌ಗೆ --password-stdin ಅನ್ನುವ ಫ್ಲ್ಯಾಗ್ ಇರುವುದೇ ಇದಕ್ಕೆ. ಪೈಪ್‌ಗೆ ಸುರಿಯಲು ಬಳಸುವ ಎಕೋ ಕಮಾಂಡ್ ಕೊನೆಗೆ ಒಂದು ಹೊಸಸಾಲು ಸೇರಿಸುತ್ತೆ, ಕೆಲವು ಟೂಲ್ ಅದನ್ನೂ ಪಾಸ್‌ವರ್ಡ್ ಅಂತಲೇ ತಗೊಳ್ಳುತ್ತವೆ. ಅಷ್ಟು ನೋಡಿಕೊಂಡರೆ ಆಯ್ತು.

ಬ್ಯಾಕಪ್ ಫೈಲ್‌ಗೆ ಬೀಗ ಹಾಕುವಾಗ ಮಾತ್ರ ಇವು ಯಾವುದೂ ಬೇಕಾಗಲಿಲ್ಲ. ಎನ್‌ಕ್ರಿಪ್ಟ್ ಮಾಡುವ ಟೂಲ್ ಆದ ಜಿಪಿಜಿಗೆ ಪಾಸ್‌ಫ್ರೇಸ್ ಕೊಡುವ ಬದಲು, ಬೀಗ ಹಾಕಲು ಮಾತ್ರ ಬರುವ ಪಬ್ಲಿಕ್ ಕೀಯಿಂದ ಎನ್‌ಕ್ರಿಪ್ಟ್ ಮಾಡಿದರೆ, ಬಿಡಿಸುವ ಗುಟ್ಟು ಮಂಡಿಯ ಮಷೀನ್‌ನಲ್ಲಿ ಇರುವುದೇ ಇಲ್ಲ. ಬೀಗ ಬಿಡಿಸುವ ಪ್ರೈವೇಟ್ ಕೀ ಶಿವಮೊಗ್ಗದಲ್ಲಿ ನನ್ನ ಲ್ಯಾಪ್‌ಟಾಪ್‌ನಲ್ಲಿದೆ, ಅದರ ಇನ್ನೊಂದು ಪ್ರತಿ ಮಂಡಿ ಯಜಮಾನರ ತಿಜೋರಿಯಲ್ಲಿ. ಬ್ಯಾಕಪ್ ಸರಿಯಾಗಿ ಬಿಚ್ಚಿಕೊಳ್ಳುತ್ತಾ ಅಂತ ಆಗಾಗ ನೋಡುವಾಗ ಲ್ಯಾಪ್‌ಟಾಪ್‌ನಲ್ಲಿ ಪಾಸ್‌ಫ್ರೇಸ್ ಕೈಯಲ್ಲೇ ಟೈಪ್ ಮಾಡುತ್ತೇನೆ.